ಖಾಲಿ ನಿವೇಶನಗಳ ಕಡತ: ಮುಂಗಾರಿನಿಂದ ಈವರೆಗಿನ ಪ್ರಗತಿ

ನಮ್ಮ ಬಡಾವಣೆಯ ಖಾಲಿ ನಿವೇಶನಗಳ ದುಃಸ್ಥಿತಿಯನ್ನು ನಗರಪಾಲಿಕೆಯ ಗಮನಕ್ಕೆ ತರುವ ಕೆಲಸವನ್ನು ಈ ಮುಂಗಾರಿನ ಆರಂಭದಲ್ಲಿ ಕೈಗೆತ್ತಿಕೊಂಡೆ. ಹಿಂದಿನ ವರ್ಷಗಳಲ್ಲಿಯೂ ದೂರುಗಳು ಹೋಗಿದ್ದವು. ಸಹಾಯವಾಣಿಗೆ ಹೇಳಿದರೆ ಪೌರಕಾರ್ಮಿಕರು ಬಂದು ಕಸ ತೆಗೆಯುತ್ತಿದ್ದರು, ದೂರು ಇತ್ಯರ್ಥವಾಗಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತಿತ್ತು, ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಕಟ್ಟಡದ ಅವಶೇಷವೂ ಎಳನೀರಿನ ಬುರುಡೆಗಳೂ ಮತ್ತೆ ರಾಶಿ ಬೀಳುತ್ತಿದ್ದವು. ಆದ್ದರಿಂದ ಈ ಬಾರಿ ಗುರಿಯನ್ನೇ ಬೇರೆ ಮಾಡಿಕೊಂಡೆ: ಪ್ರತಿಯೊಂದು ನಿವೇಶನದ ಮಾಲೀಕರ ಕೈಗೆ ಪಾಲಿಕೆಯ ನೋಟಿಸು ತಲುಪಬೇಕು. ನಿವೇಶನದ ಬೆಲೆ ಏರಿದರೆ ಅದರ ಲಾಭ ಮಾಲೀಕರಿಗೆ ಸಲ್ಲುತ್ತದೆ; ಅದನ್ನು ಶುಚಿಯಾಗಿಡುವ ಹೊಣೆ ಮಾತ್ರ ಪೌರಕಾರ್ಮಿಕರ ದುಡಿಮೆಯ ಮೇಲೂ ಊರಿನವರ ತೆರಿಗೆಯ ಮೇಲೂ ಬೀಳುವುದು ನ್ಯಾಯವಲ್ಲ.

ಜೂನ್

ಮೊದಲು ಪಟ್ಟಿ ತಯಾರಿಸಿದೆ. ಪ್ರತಿ ನಿವೇಶನಕ್ಕೆ ಒಂದು ಹಾಳೆ; ಅದರಲ್ಲಿ ಅಡ್ಡರಸ್ತೆ, ಎಡಬಲದ ಮನೆಗಳ ಸಂಖ್ಯೆ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ಕಂಡ ತೊಂದರೆ ಮತ್ತು ಅಕ್ಷಾಂಶ, ರೇಖಾಂಶ, ದಿನಾಂಕಗಳು ಚಿತ್ರದ ಮೇಲೆಯೇ ಮೂಡುವ ಮೊಬೈಲ್ ಕ್ಯಾಮೆರಾದಿಂದ ತೆಗೆದ ಫೋಟೊ. ತೊಂದರೆಯನ್ನು ಬರೆಯುವಾಗ ವಿಶೇಷಣಗಳನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನಷ್ಟೇ ದಾಖಲಿಸಿದೆ. ‘ಅಸಹ್ಯವಾಗಿದೆ’ ಎಂದು ಬರೆದರೆ ಅಧಿಕಾರಿಗೆ ಮಾಡಲು ಕೆಲಸವೇನೂ ಸಿಗುವುದಿಲ್ಲ. ‘ಹಳೆಯ ಟೈರುಗಳಲ್ಲಿ ನೀರು ನಿಂತಿದೆ, ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಹೂ ಬಿಟ್ಟಿದೆ, ಕಾಂಪೌಂಡ್ ಗೋಡೆ ಪಾದಚಾರಿ ಮಾರ್ಗದ ಕಡೆಗೆ ವಾಲಿದೆ’ ಎಂದು ಬರೆದರೆ ಆರೋಗ್ಯ ನಿರೀಕ್ಷಕರಿಗೆ ಯಾವುದು ಸೇರಬೇಕು, ಇಂಜಿನಿಯರ್ ಅವರಿಗೆ ಯಾವುದು ಸೇರಬೇಕು ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ.

ಜುಲೈ

ಈ ಯೋಜನೆಯ ಅತ್ಯಂತ ಕಷ್ಟದ ಭಾಗವೆಂದರೆ ಮಾಲೀಕರನ್ನು ಗುರುತಿಸುವುದು. ವಾರ್ಡ್ ಕಚೇರಿಯಲ್ಲಿ ಆರೋಗ್ಯ ನಿರೀಕ್ಷಕರು, “ಮೇಡಂ, ಮಾಲೀಕರ ವಿಳಾಸ ಗೊತ್ತಿದ್ದರೆ ಕೊಡಿ, ನಾಳೆಯೇ ನೋಟಿಸ್ ಕಳಿಸ್ತೀನಿ” ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಹಳೆಯ ಕೃಷಿ ಜಮೀನನ್ನು ಬಡಾವಣೆಯಾಗಿ ಒಡೆದ ಕಡೆ ಒಂದೇ ಸರ್ವೆ ನಂಬರಿನೊಳಗೆ ಎಷ್ಟೋ ನಿವೇಶನಗಳಿರುವುದರಿಂದ ಅದು ಅರ್ಧ ದಾರಿಗಷ್ಟೇ ಕರೆದೊಯ್ಯುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನಿವೇಶನದ ಸಂಖ್ಯೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಮುಂತಾದ ವಿವರ ಕೊಟ್ಟು ಋಣಭಾರ ಪ್ರಮಾಣಪತ್ರ (ಇ.ಸಿ.) ಪಡೆದರೆ ಕ್ರಯಪತ್ರಗಳ ವಿವರ ದೊರೆಯುತ್ತದೆ, ಆದರೆ ಅಲ್ಲಿ ಕಾಣುವುದು ನೋಂದಣಿಯ ದಿನದ ವಿಳಾಸ. ಮಾಲೀಕರು ಅಷ್ಟರಲ್ಲಿ ಮನೆ ಬದಲಿಸಿರಬಹುದು, ವಿದೇಶದಲ್ಲಿರಬಹುದು, ತೀರಿಕೊಂಡಿದ್ದು ವಾರಸುದಾರರ ಹೆಸರಿಗೆ ಖಾತೆಯಾಗದೆಯೂ ಇರಬಹುದು.

ವಾಸ್ತವದಲ್ಲಿ ಬೇಕಾದ ಮಾಹಿತಿ ಬಹುಮಟ್ಟಿಗೆ ಪಾಲಿಕೆಯ ಬಳಿಯೇ ಇದೆ. ಖಾಲಿ ನಿವೇಶನಕ್ಕೂ ಆಸ್ತಿ ತೆರಿಗೆ ಉಂಟು, ತೆರಿಗೆ ಪುಸ್ತಕದಲ್ಲಿ ಹೆಸರೂ ವಿಳಾಸವೂ ಉಂಟು. ಕೊರತೆಯಿರುವುದು ಆರೋಗ್ಯ ಶಾಖೆಗೂ ಕಂದಾಯ ಶಾಖೆಗೂ ನಡುವಿನ ಹೊಂದಾಣಿಕೆಯಲ್ಲಿ. ಅಂದಿನಿಂದ ನನ್ನ ಪ್ರತಿ ಅರ್ಜಿಯಲ್ಲಿ ‘ಕಂದಾಯ ಶಾಖೆಯ ದಾಖಲೆಗಳಿಂದ ಮಾಲೀಕರ ವಿವರ ಪಡೆದು ನೋಟಿಸು ಜಾರಿ ಮಾಡಬೇಕೆಂದು ಕೋರುತ್ತೇನೆ’ ಎಂಬ ವಾಕ್ಯ ಸೇರಿದೆ, ಮತ್ತು ಒಂದು ಪ್ರತಿ ಕಂದಾಯ ನಿರೀಕ್ಷಕರಿಗೂ ಹೋಗುತ್ತದೆ.

ವಿಳಾಸ ಸಿಕ್ಕ ಕಡೆ ಮೊದಲು ನಾನೇ ಪತ್ರ ಬರೆದೆ. ಮೈಲುಗಟ್ಟಲೆ ದೂರದಲ್ಲಿರುವವರಿಗೆ ತಮ್ಮ ಜಾಗ ಹೇಗಿದೆಯೆಂಬುದೇ ತಿಳಿದಿರುವುದಿಲ್ಲ. ಫೋಟೊ ನೋಡಿದ ಹಿರಿಯರೊಬ್ಬರು ಮರುವಾರವೇ ಆಳುಗಳನ್ನು ಕರೆಸಿ ಗಿಡ ಕಿತ್ತಿಸಿ, ಸುತ್ತ ತಂತಿಬೇಲಿ ಹಾಕಿಸಿದರು. ಮಾಲೀಕರ ಹೆಸರುಗಳನ್ನು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕೆಂದು ಕೆಲವರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ. ನೋಟಿಸು ಕೊಡುವ ಅಧಿಕಾರ ಪಾಲಿಕೆಗಿದೆ. ನೆರೆಹೊರೆಯವರ ಮುಂದೆ ಯಾರನ್ನಾದರೂ ಅವಮಾನಿಸುವ ಅಧಿಕಾರ ನಮಗಿಲ್ಲ.

ಆಗಸ್ಟ್

ಮಳೆ ಜೋರಾದಂತೆ ಡೆಂಗಿಯ ಆತಂಕ ಹೆಚ್ಚಿತು, ಅದರೊಂದಿಗೆ ನಮ್ಮ ಅರ್ಜಿಗಳಿಗೆ ಕಾನೂನಿನ ಬಲವೂ ಕೂಡಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನಗಳೊಳಗೆ ಬೆಳೆದು ಹಾರುತ್ತದೆ, ಅದರ ಮೊಟ್ಟೆಗಳು ಒಣಗಿದ ಟೈರು, ಡಬ್ಬಿಗಳಲ್ಲಿಯೂ ತಿಂಗಳುಗಟ್ಟಲೆ ಉಳಿದು ಮುಂದಿನ ಮಳೆಗೆ ಒಡೆಯಬಲ್ಲವು. ಆದ್ದರಿಂದ ನೀರು ಚೆಲ್ಲಿ ಡಬ್ಬಿಯನ್ನು ಅಲ್ಲಿಯೇ ಬಿಟ್ಟರೆ ಕೆಲಸ ಮುಗಿದಂತಾಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವವರಿಗೆ ದಂಡ ನಿಗದಿಪಡಿಸಿತು: ನಗರ ಪ್ರದೇಶದಲ್ಲಿ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನ ಮತ್ತು ನಿರ್ಮಾಣ ಸ್ಥಳಗಳಿಗೆ 2,000 ರೂಪಾಯಿ. ಈ ನಿಯಮವನ್ನು ಉಲ್ಲೇಖಿಸಿ, ಲಾರ್ವಾ (ಸೊಳ್ಳೆಯ ಮರಿಹುಳು) ಕಾಣುವ ಹತ್ತಿರದ ಫೋಟೊಗಳನ್ನು ಲಗತ್ತಿಸಿ ಕೊಟ್ಟ ಅರ್ಜಿಗಳಿಗೆ ಬಂದ ಸ್ಪಂದನೆ ಕಸದ ದೂರುಗಳಿಗಿಂತ ಬಹಳ ಚುರುಕಾಗಿತ್ತು. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರು ನಮ್ಮ ಪಟ್ಟಿಯನ್ನೇ ಹಿಡಿದು ಸುತ್ತಿದರು.

ಸೆಪ್ಟೆಂಬರ್ ಮತ್ತು ಅಕ್ಟೋಬರ್

ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹಿಂದಿರುಗಬಾರದು ಎಂಬುದನ್ನು ಜೊತೆಗೂಡಿದ ಎಲ್ಲರಿಗೂ ಹೇಳಿದ್ದೇನೆ. ಸಹಾಯವಾಣಿಯ ದೂರು ಇತ್ಯರ್ಥವೆಂದು ಮುಚ್ಚಿಹೋಗಬಹುದು. ಲಿಖಿತ ಅರ್ಜಿಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಬಹುದು. ಹಿಂಬರಹ ಬಾರದ ಅರ್ಜಿಗಳ ಬಗ್ಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು, ಮತ್ತು ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳುವ ಬದಲು ‘ಈ ಸ್ವೀಕೃತಿ ಸಂಖ್ಯೆಯ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ಮತ್ತು ಜಾರಿಯಾದ ನೋಟಿಸಿನ ದೃಢೀಕೃತ ಪ್ರತಿ’ ಎಂದು ದಾಖಲೆಯನ್ನೇ ಕೇಳುವುದು ಫಲಕಾರಿ. ನನ್ನ ಅನುಭವದಲ್ಲಿ, ಪ್ರತಿ ಕೇಳಿದ ಮೇಲೆಯೇ ಕೆಲವು ನೋಟಿಸುಗಳು ಜಾರಿಯಾದವು. ಹಾಗಾದರೂ ಆಯಿತಲ್ಲ ಎಂಬ ಸಮಾಧಾನ ನನಗಿದೆ.

ಒಣಗಿದ ಗಿಡಕ್ಕೂ ಕಸಕ್ಕೂ ಬೆಂಕಿ ಹಚ್ಚುವ ಅಭ್ಯಾಸವನ್ನು ಬೇಸಿಗೆಗೆ ಮೊದಲೇ ತಡೆಯಬೇಕಾಗಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಘನತ್ಯಾಜ್ಯದ ಪ್ರಕರಣ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಗಿ, 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರವನ್ನು ಸುಟ್ಟವರ ಮೇಲೆ ವಿಧಿಸಬೇಕೆಂಬ ಆದೇಶ ಬಂದಿತು. ಇದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಅಡ್ಡರಸ್ತೆಗಳ ಸೂಚನಾ ಫಲಕಗಳಲ್ಲಿ ಅಂಟಿಸಿದ್ದೇವೆ.

ಈಗಿನ ಸ್ಥಿತಿ

ಪಟ್ಟಿಯ ಬಹುತೇಕ ನಿವೇಶನಗಳಿಗೆ ನೋಟಿಸು ತಲುಪಿದೆ, ಹಲವು ಸ್ವಚ್ಛವಾಗಿವೆ. ಮೂಲೆಯ ಪಾಳುಮನೆಯೊಂದು ಮಾತ್ರ ಹಾಗೆಯೇ ಇದೆ. ವಾರಸುದಾರರ ನಡುವೆ ವ್ಯಾಜ್ಯವಿರುವುದರಿಂದ ನೋಟಿಸನ್ನು ಯಾರೂ ಸ್ವೀಕರಿಸುತ್ತಿಲ್ಲ, ಅದರ ಗೋಡೆ ಶಾಲೆಗೆ ಹೋಗುವ ಮಕ್ಕಳ ದಾರಿಯ ಮೇಲೆ ವಾಲಿದೆ. ಇದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಕಾರ್ಯಪಾಲಕ ದಂಡಾಧಿಕಾರಿಯ ಮುಂದೆ ಹೋಗಬಹುದು. ಅಪಾಯಕಾರಿ ಕಟ್ಟಡವನ್ನು ತೆಗೆಸಲು ಇಲ್ಲವೆ ದುರಸ್ತಿ ಮಾಡಿಸಲು ಷರತ್ತುಬದ್ಧ ಆದೇಶ ನೀಡುವ ಈ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿತ್ತು. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ತೆರೆದ ಚರಂಡಿಗಳ ವಿರುದ್ಧ ಅದನ್ನೇ ಬಳಸಿ ಗೆದ್ದರು. ಹಣವಿಲ್ಲವೆಂಬ ಕಾರಣಕ್ಕೆ ಪುರಸಭೆ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಳುಮನೆಯ ಫೋಟೊಗಳು, ಹಿಂದಿರುಗಿ ಬಂದ ನೋಟಿಸಿನ ಪ್ರತಿ ಮತ್ತು ಅಕ್ಕಪಕ್ಕದ ನಿವಾಸಿಗಳ ಸಹಿಯುಳ್ಳ ಮನವಿ ಸಿದ್ಧವಾಗಿವೆ. ವಕೀಲರೊಬ್ಬರು ಕರಡನ್ನು ನೋಡಿಕೊಟ್ಟ ಕೂಡಲೇ ದಂಡಾಧಿಕಾರಿಯವರ ಕಚೇರಿಗೆ ಸಲ್ಲಿಸುತ್ತೇವೆ.