ಯಾರ್ ಬೆನ್ ಹತ್ಯಾರಂತ ಓಡ್ತಿ?

ಆಗಸ್ಟ್ ಬಂತು ಅಂದ್ರೆ ನಂಗೆ ಪ್ರತಿ ವರ್ಷ ಒಂದೇ ಪ್ರಶ್ನೆ. ಬ್ಯಾಂಕಲ್ಲಿ ಪಕ್ಕದ ಕೌಂಟರ್‌ನವ್ರು ಕೇಳ್ತಾರೆ, ನಾದಿನಿ ಫೋನ್ ಮಾಡಿದಾಗ ಕೇಳ್ತಾಳೆ, ಎದುರುಮನೆ ಅಂಕಲ್ ಗೇಟ್ ಹತ್ರ ಪೇಪರ್ ಎತ್ಕೊಳ್ತಾ ಕೇಳ್ತಾರೆ. "ಅಲ್ರೀ, ಆಗಸ್ಟ್ 15ಕ್ಕೆ ರಜಾ. ಅವತ್ತಾದ್ರೂ ಹೊದ್ಕೊಂಡು ಮಲ್ಗೋದು ಬಿಟ್ಟು ಈ ಮಳೇಲಿ ಯಾಕ್ ಓಡ್ತೀರಾ ಮಾರಾಯ್ರೆ? ಓಡೋದಕ್ಕೂ ಸ್ವಾತಂತ್ರ್ಯಕ್ಕೂ ಎಂತ ಸಂಬಂಧ?"

ನಾನು ಸಾಮಾನ್ಯವಾಗಿ "ಹಂಗೇ, ಅಭ್ಯಾಸ" ಅಂತ ನಕ್ಕು ಸುಮ್ನಾಗ್ತೀನಿ, ಯಾಕಂದ್ರೆ ಗೇಟ್ ಹತ್ರ ನಿಂತು ಹೇಳೋ ಅಷ್ಟು ಚಿಕ್ಕ ಉತ್ತರ ಅಲ್ಲ ಅದು. ಈ ಸಲ ಬರ್ದೇ ಬಿಡೋಣ ಅನ್ನಿಸ್ತು.

ಮೊದ್ಲು ನಾವು ಅವತ್ತು ಏನ್ ಮಾಡ್ತೀವಿ ಅಂತ ಹೇಳ್ತೀನಿ. ಹದಿನಾಲ್ಕು ಹದಿನೈದು ಜನ ಇದೀವಿ ಶಿವಮೊಗ್ಗದಲ್ಲಿ, ಕ್ಲಬ್ ಗಿಬ್ ಏನಿಲ್ಲ, ಒಂದು ವಾಟ್ಸಾಪ್ ಗ್ರೂಪು ಅಷ್ಟೇ. ಒಬ್ರು ರಿಟೈರ್ಡ್ ಪಿಟಿ ಮೇಷ್ಟ್ರು, ಇಬ್ರು ಡಿಗ್ರಿ ಹುಡುಗ್ರು, ಒಬ್ರು ಅಡಿಕೆ ವ್ಯಾಪಾರ, ನನ್ ಥರ ನಲವತ್ತು ದಾಟಿದ ಹೆಂಗಸರು ನಾಕು ಜನ. ಬೆಳಗ್ಗೆ ಐದೂವರೆಗೆ ಹಳೇ ಜೈಲು ಆವರಣದ ಗೇಟ್ ಹತ್ರ ಸೇರಿ, ತೀರ್ಥಹಳ್ಳಿ ರೋಡ್ ಹಿಡಿದು, ಹರಕೆರೆ ದಾಟಿ ಗಾಜನೂರು ಕಡೆ ಹೋಗಿ ವಾಪಸ್ ಬರೋದು, ಒಟ್ಟು 19.47 ಕಿಲೋಮೀಟರ್. 1947 ಅಂತ 19.47. ಬೇರೆ ಊರಿನ ರನ್ನರ್‌ಗಳೂ ಈ ಥರ ನಂಬರ್ ಆಟ ಆಡ್ತಾರೆ, ಕೇಳೋಕೆ ಬಾಲಿಶ ಅನ್ಸುತ್ತೆ, ಒಪ್ಕೊಳ್ತೀನಿ, ಆದ್ರೆ ವಾಚಲ್ಲಿ 19.31 ತೋರಿಸ್ತಿರ್ವಾಗ ಗೇಟ್ ಹತ್ರ ವಾಪಸ್ ಬಂದು, ಉಳಿದ 160 ಮೀಟರಿಗೆ ಅಷ್ಟೂ ಜನ ಅಲ್ಲೇ ಹಿಂದೆ ಮುಂದೆ ಓಡಾಡೋದು ನೋಡೋಕೆ ಮಜಾ ಇರುತ್ತೆ. ನೋಡಿದವ್ರು ಏನೋ ಕಳ್ಕೊಂಡು ಹುಡುಕ್ತಿದಾರೆ ಅನ್ಕೋಬೇಕು.

(ನಮ್ ಮೇಷ್ಟ್ರಿಗೆ ಆ ನಂಬರ್ ಮೇಲೇ ತಕರಾರು. ನಾವು ಮೈಸೂರು ಸಂಸ್ಥಾನದವ್ರು, ಆಗಸ್ಟ್ 15ಕ್ಕೆ ಬ್ರಿಟಿಷರು ಹೋದ್ರೂ ನಮ್ಮಲ್ಲಿ ಜವಾಬ್ದಾರಿ ಸರ್ಕಾರ, ಅಂದ್ರೆ ಜನರಿಗೆ ಉತ್ತರ ಕೊಡೋ ಸರ್ಕಾರ, ಬಂದಿರ್ಲಿಲ್ಲ, ಸೆಪ್ಟೆಂಬರಿಂದ ಮೈಸೂರು ಚಲೋ ಚಳವಳಿ ನಡೆದು ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಆಗಿದ್ದು, ಹಾಗಾಗಿ ನೀವು ಇನ್ನೂ ಎರಡು ಕಿಲೋಮೀಟರ್ ಜಾಸ್ತಿ ಓಡ್ಬೇಕು ಅಂತ ಪ್ರತಿ ವರ್ಷ ಹೇಳ್ತಾರೆ. ಪ್ರತಿ ವರ್ಷ ಯಾರೂ ಓಡಲ್ಲ. ಅವ್ರೂ ಓಡಲ್ಲ.)

ಮಳೆ ಅಂತೂ ಗ್ಯಾರಂಟಿ. ಆಶ್ಲೇಷ ಮುಗೀತಾ ಇರುತ್ತೆ, ಮಘೆಗೆ ಒಂದೆರಡು ದಿನ. ಎರಡನೇ ಕಿಲೋಮೀಟರಿಗೇ ಶೂ ಒಳಗೆ ಪಚಪಚ ಅನ್ನುತ್ತೆ, ಆಮೇಲೆ ಹೊಂಡ ನೋಡಿ ಹಾರೋದನ್ನೂ ಬಿಟ್ಬಿಡ್ತೀವಿ. ಪಕ್ಕದಲ್ಲಿ ತುಂಗೆ ಕೆಂಪಗೆ ಹರೀತಿರ್ತಾಳೆ, ಯಾರಾದ್ರೂ ಒಬ್ರು ಖಂಡಿತ ಕೇಳ್ತಾರೆ, ಕೋರ್ಪಲಯ್ಯನ ಛತ್ರದ ಮಂಟಪ ಈ ಸಲ ಮುಳುಗ್ತಾ ಅಂತ. ಲಾರಿ ಬಂತು ಅಂತ ಒಂದ್ಸಲ ಹುಲ್ಲಿಗೆ ಇಳಿದ್ರೆ ಸಾಕು, ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ಇಂಬಳ, ಅದೇ ಜಿಗಣೆ. ದೇಶಕ್ಕೋಸ್ಕರ ನಾನು ಇಲ್ಲಿವರೆಗೆ ಹರಿಸಿರೋ ರಕ್ತ ಅಷ್ಟೇ.

ಶುರು ಮಾಡೋ ಜಾಗದ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಾನು ಹೈಸ್ಕೂಲಿಗೆ ಹೋಗ್ವಾಗ ಅದು ನಿಜವಾದ ಜೈಲು. ಜೈಲ್ ರೋಡಲ್ಲಿ ನಡ್ಕೊಂಡು ಹೋಗ್ವಾಗ ನಾವು ಹುಡುಗೀರು ಗೋಡೆ ಪಕ್ಕ ಮಾತ್ರ ಮಾತು ನಿಲ್ಲಿಸಿ ಬೇಗ ಬೇಗ ಕಾಲು ಹಾಕ್ತಿದ್ವಿ, ಒಳಗಿಂದ ಯಾರೋ ಕೇಳಿಸ್ಕೊಳ್ತಾರೆ ಅನ್ನೋ ಥರ. ಆಮೇಲೆ ಜೈಲು ಸೋಗಾನೆಗೆ ಹೋಯ್ತು, ಈ ಜಾಗ ಫ್ರೀಡಂ ಪಾರ್ಕ್ ಆಯ್ತು, ಈಗ ಅಲ್ಲಮಪ್ರಭು ಹೆಸರು. ವಾರದ ದಿನಗಳಲ್ಲಿ ನಾನು ಅದ್ರೊಳಗೇ ಸುತ್ತು ಹೊಡೆಯೋದು. ಒಳಗೆ ಹೋಗೋಕೆ ಹೆದ್ರೋ ಜಾಗದಲ್ಲಿ ಈಗ ಇಯರ್‌ಫೋನ್ ಹಾಕ್ಕೊಂಡು ಸುತ್ತು ಸುತ್ತು ಓಡ್ತೀನಿ. ಕೆಲವು ಸಲ ಇದು ತಲೆಗೆ ಬರುತ್ತೆ, ಕೆಲವು ಸಲ ಬರೀ ಮಂಡಿನೋವು ತಲೆಗೆ ಬರುತ್ತೆ.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ, ಅದು ನಮ್ಮಜ್ಜಿ.

2014ರಲ್ಲಿ ನಾನು ಓಡೋಕೆ ಶುರು ಮಾಡಿದಾಗ ಅಜ್ಜಿಗೆ ಎಂಬತ್ತು ದಾಟಿತ್ತು. ಅಮ್ಮನ ಅಮ್ಮ, ಶಿಕಾರಿಪುರ ಕಡೆಯವ್ರು, ಈಸೂರಿನ ಹತ್ರದ ಒಂದು ಹಳ್ಳಿ. ಒಂದಿನ ಬೆಳಗ್ಗೆ ನಾನು ಬೆವರು ಸುರಿಸ್ಕೊಂಡು ಒಳಗೆ ಬಂದೆ, ಅಜ್ಜಿ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರು, ನನ್ನ ಮೇಲಿಂದ ಕೆಳಗೆ ನೋಡಿ ಕೇಳಿದ್ರು: "ಯಾರ್ ಬೆನ್ ಹತ್ಯಾರಂತ ಓಡ್ತಿಯವ್ವಾ?"

ನಾನು ಜೋಕ್ ಅನ್ಕೊಂಡು ನಕ್ಕೆ. ಅಜ್ಜಿ ನಗ್ಲಿಲ್ಲ. ಅವ್ರ ಲೆಕ್ಕದಲ್ಲಿ ಮನುಷ್ಯ ಓಡೋದು ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ಮಾತ್ರ.

ಈಸೂರಿನ ಕಥೆ ನಮ್ ಜಿಲ್ಲೆಯವ್ರಿಗೆಲ್ಲ ಗೊತ್ತು, ಬೇರೆ ಕಡೆಯವ್ರಿಗೋಸ್ಕರ ಚುಟುಕಾಗಿ ಹೇಳ್ತೀನಿ. 1942ರ ಸೆಪ್ಟೆಂಬರಲ್ಲಿ ಕ್ವಿಟ್ ಇಂಡಿಯಾ ಕಾವಲ್ಲಿ ಆ ಊರಿನವ್ರು ನಮ್ಮದು ಸ್ವತಂತ್ರ ಊರು ಅಂತ ಸಾರಿ, ವೀರಭದ್ರನ ಗುಡಿ ಮೇಲೆ ಬಾವುಟ ಹಾರಿಸಿ, ಅಧಿಕಾರಿಗಳ್ಯಾರೂ ಊರೊಳಗೆ ಬರಬಾರ್ದು ಅಂದ್ರು, ಒಬ್ಬ ಚಿಕ್ಕ ಹುಡುಗನ್ನೇ ಅಮಲ್ದಾರ್ (ಈಗಿನ ತಹಸೀಲ್ದಾರ್ ಥರ) ಮಾಡಿ ಕೂರಿಸಿದ್ರು. ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನೋ ಮಾತು ಆಗಿಂದೇ. ತಿಂಗಳ ಕೊನೇಲಿ ಗಲಾಟೆಯಾಗಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ರು. ಆಮೇಲೆ ಪೊಲೀಸ್ರು ಬಂದ್ರು, ಊರಿಗೆ ಊರೇ ಕಾಡು ಸೇರ್ತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐದು ಜನರನ್ನ 1943ರ ಮಾರ್ಚಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಲ್ಲಿ ಗಲ್ಲಿಗೆ ಹಾಕಿದ್ರು. ಜೀವಾವಧಿ ಶಿಕ್ಷೆ ಆದವ್ರಲ್ಲಿ ಹೆಂಗಸರೂ ಇದ್ರು. ಬೆಂಗಳೂರಿನ ಆ ಜೈಲೂ ಈಗ ಫ್ರೀಡಂ ಪಾರ್ಕೇ, ಅಲ್ಲೂ ಬೆಳಗ್ಗೆ ಹೊತ್ತು ಜನ ವಾಕಿಂಗ್ ಮಾಡ್ತಾರೆ.

ನಮ್ಮಜ್ಜಿ ಈ ಕಥೇಲಿ ಎಲ್ಲೂ ಇಲ್ಲ. ಆಗ ಅವ್ರಿಗೆ ಒಂಬತ್ತು ವರ್ಷ, ಬಾವುಟ ನೋಡಿರ್ಲಿಲ್ಲ, ಘೋಷಣೆ ಕೂಗಿರ್ಲಿಲ್ಲ. ಅಕ್ಕಪಕ್ಕದ ಹಳ್ಳಿಗೂ ಪೊಲೀಸ್ರು ಬರ್ತಾರಂತೆ ಅಂತ ಸುದ್ದಿ ಹಬ್ಬಿದ್ದಷ್ಟೇ ಅವ್ರಿಗೆ ಗೊತ್ತಿದ್ದಿದ್ದು. ಹಿತ್ಲಲ್ಲಿ ಚೆಂಬು ತೊಳೀತಾ ಕೂತಿದ್ರಂತೆ, ಯಾರೋ ಬಂದ್ರು ಬಂದ್ರು ಅಂತ ಕೂಗಿದ್ರು, ಅವ್ರವ್ವ ತಮ್ಮನ್ನ ಸೊಂಟಕ್ಕೇರಿಸ್ಕೊಂಡು ಓಡಿದ್ರು, ಇವ್ರೂ ಓಡಿದ್ರು. ಗದ್ದೆ ಬದು ಮೇಲೆ, ಮಳೆ ಬಿದ್ದು ನೆಂದಿರೋ ಬದು, ಬರಿಗಾಲು. ಜಾರಿ ಬಿದ್ದು ಮಂಡಿ ಕಲ್ಲಿಗೆ ಬಡೀತು, ಎದ್ದು ಮತ್ತೆ ಓಡಿದ್ರು. ಕಾಡೊಳಗೆ ಒಂದು ಮರದ ಬುಡದಲ್ಲಿ ಕೂತ್ಕೊಂಡ್ಮೇಲೆ ನೋಡಿದ್ರೆ ಕೈಯಲ್ಲಿ ಚೆಂಬು ಹಂಗೇ ಇದೆ, ಎಷ್ಟು ಬಿಗಿ ಹಿಡಿದಿದ್ರು ಅಂದ್ರೆ ಅದ್ರ ಅಂಚು ಅಂಗೈಯಲ್ಲಿ ಬಳೆ ಥರ ಅಚ್ಚು ಬಿದ್ದಿತ್ತಂತೆ. ಎರಡು ರಾತ್ರಿ ಅಲ್ಲೇ. ಕೊನೆಗೆ ಅವ್ರ ಹಳ್ಳಿಗೆ ಯಾರೂ ಬರ್ಲೇ ಇಲ್ಲ, ವಾಪಸ್ ಬಂದ್ರು. "ಓಡ್ರಿ ಅಂದ್ರು, ಓಡಿದ್ವಿ. ಯಾರ್ ಬಂದ್ರು, ಎದಕ್ ಬಂದ್ರು, ಆಮ್ಯಾಲ ಗೊತ್ತಾತು" ಅಂತಿದ್ರು.

ಮಂಡಿ ಮೇಲೆ ಅಡಿಕೆ ಹೋಳಿನಷ್ಟು ದೊಡ್ಡ ಕಲೆ ಇತ್ತು. ನಾನು ಚಿಕ್ಕೋಳಿದ್ದಾಗ ಅದ್ರ ಮೇಲೆ ಬೆರಳಿಟ್ಟು ಆಟ ಆಡ್ತಿದ್ದೆ, ಎಲ್ಲಿಂದ ಬಂತು ಅಂತ ಕೇಳಿರ್ಲೇ ಇಲ್ಲ. ನಾನು ಓಡೋಕೆ ಶುರು ಮಾಡ್ದೆ ಇದ್ದಿದ್ರೆ ಅಜ್ಜಿ ಹೇಳ್ತಾನೂ ಇರ್ಲಿಲ್ವೇನೋ.

ಈಗ ಕೇಳಿ, ಯಾರಾದ್ರೂ ಸ್ವಾತಂತ್ರ್ಯ ಅಂದ್ರೆ ಏನು ಅಂತ ಕೇಳಿದ್ರೆ ನಂಗೆ ಸಂವಿಧಾನ ಎಲ್ಲ ಆಮೇಲೆ ನೆನಪಾಗೋದು, ಮೊದ್ಲು ನೆನಪಾಗೋದು ಅಜ್ಜಿ ಪ್ರಶ್ನೆ. ಬೆನ್ನ ಹಿಂದೆ ಯಾರೂ ಇಲ್ದೆ ಓಡೋಕಾಗ್ತಿದೆಯಲ್ಲ, ಅದು. ಹೆಂಗಸರಿಗಂತೂ ಇದು ಎಲ್ಲೂ ಸುಮ್ನೆ ಸಿಕ್ಕಿದ್ದಲ್ಲ. 1928ರ ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟು, ಮುಗಿಸಿದವ್ರು ಸುಸ್ತಾಗಿ ಕೂತ್ರು ಅಂತ ಪೇಪರಿನವ್ರು ಇಲ್ಲದ ಬಣ್ಣ ಕಟ್ಟಿ ಬರೆದು, ಅದನ್ನ ತೆಗೆದೇ ಹಾಕಿದ್ರು, ಮತ್ತೆ ಬಂದಿದ್ದು 1960ರಲ್ಲಿ. ಗಂಡಸರು ಸುಸ್ತಾಗಿ ಬೀಳೋದೇ ಇಲ್ವಾ? 1967ರಲ್ಲಿ ಬೋಸ್ಟನ್ ಮ್ಯಾರಥಾನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅನ್ನೋ ಹುಡುಗಿ ಕೆ.ವಿ. ಸ್ವಿಟ್ಜರ್ ಅಂತ ಇನಿಷಿಯಲ್ ಹಾಕಿ ಹೆಸರು ಕೊಟ್ಟು ಓಡ್ತಿದ್ರು, ರೇಸಿನ ಅಧಿಕಾರಿಯೊಬ್ಬ ಹಿಂದಿನಿಂದ ಓಡಿ ಬಂದು ಅವ್ರ ಎದೆ ಮೇಲಿನ 261 ಅನ್ನೋ ನಂಬರ್ ಕಿತ್ಕೊಳ್ಳೋಕೆ ಕೈ ಹಾಕ್ದ. ಜೊತೇಲಿ ಓಡ್ತಿದ್ದ ಅವ್ರ ಗೆಳೆಯ ಅವನನ್ನ ಪಕ್ಕಕ್ಕೆ ನೂಕ್ದ, ಅವ್ರು ಓಟ ಮುಗಿಸಿದ್ರು. ಬೋಸ್ಟನ್ನಿನವ್ರು ಹೆಂಗಸರನ್ನ ಅಧಿಕೃತವಾಗಿ ಸೇರಿಸ್ಕೊಂಡಿದ್ದು 1972ರಲ್ಲಿ, ಒಲಿಂಪಿಕ್ಸಲ್ಲಿ ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ. ಆ ಫೋಟೋ ಇಂಟರ್ನೆಟ್ಟಲ್ಲಿ ಸಿಗುತ್ತೆ, ನೋಡಿ. ನಾನು ನೋಡಿದ ತಕ್ಷಣ ಅಂದ್ಕೊಂಡಿದ್ದು, ಅಜ್ಜಿಗೆ ಇದನ್ನ ತೋರಿಸಿದ್ರೆ "ಹೂಂ, ಇಕಿಗ್ ಬೆನ್ ಹತ್ಯಾನ" ಅಂತಿದ್ರು.

ಇಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ನಾಯಿಗಳ ವಿಷ್ಯ ಬಿಡಿ, ಅವು ಪಕ್ಷಪಾತ ಮಾಡಲ್ಲ, ಮೇಷ್ಟ್ರನ್ನೂ ಓಡಿಸ್ತವೆ. ಕೆಲವು ವರ್ಷದ ಹಿಂದೆ ಒಂದಿನ ಬೆಳಗ್ಗೆ ಐದೂಕಾಲಿಗೆ ಒಬ್ಳೇ ಹೋಗ್ತಿದ್ದೆ, ಹಿಂದೆ ಬೈಕೊಂದು ಸೆಕೆಂಡ್ ಗೇರಲ್ಲಿ ಬರ್ತಾನೇ ಇತ್ತು, ಇಬ್ರು ಹುಡುಗ್ರು. ಓವರ್‌ಟೇಕ್ ಮಾಡಲ್ಲ, ಹಾರ್ನ್ ಹೊಡೆಯಲ್ಲ, ಸುಮ್ನೆ ಹೆಡ್‌ಲೈಟ್ ನನ್ ಬೆನ್ ಮೇಲೆ. ನನ್ ನೆರಳು ನನ್ ಮುಂದೆ ಉದ್ದಕ್ಕೆ ಬಿದ್ದಿತ್ತು, ಅದನ್ನ ನೋಡ್ಕೊಂಡೇ ಓಡ್ದೆ. ಮುಂದೆ ತಿರುವಲ್ಲಿ ಹಾಲಿನ ಬೂತ್ ಇದೆ, ಅಲ್ಲಿಗೆ ಹೋಗಿ ನಿಂತೆ. ಬೂತ್ ಅಕ್ಕ ಕ್ರೇಟ್ ಇಳಿಸ್ತಿದ್ರು. ನಾನೊಂದು ಮಾತೂ ಆಡ್ಲಿಲ್ಲ, ಆಡೋಕೆ ಉಸಿರೂ ಇರ್ಲಿಲ್ಲ. ಅವ್ರು ಬೈಕ್ ನೋಡಿದ್ರು, ನನ್ನ ನೋಡಿದ್ರು, ಕ್ರೇಟ್ ಕೆಳಗಿಟ್ಟು ರೋಡಿಗೆ ಬಂದು ಸೊಂಟಕ್ಕೆ ಕೈ ಕೊಟ್ಟು "ಏನ್ರೋ, ಎಷ್ಟ್ ಲೀಟರ್ ಬೇಕು?" ಅಂದ್ರು. ಬೈಕ್ ಹೊರಟೋಯ್ತು.

ಅವತ್ತು ಎಷ್ಟು ಫಾಸ್ಟ್ ಓಡಿದ್ದೆ ಅಂದ್ರೆ ವಾಚಲ್ಲಿ ಅದು ಈಗ್ಲೂ ನನ್ ಬೆಸ್ಟ್ ಕಿಲೋಮೀಟರ್. 5 ನಿಮಿಷ 12 ಸೆಕೆಂಡ್. ಡಿಲೀಟ್ ಮಾಡೋಕೆ ಹೋಗಿ ಬಿಟ್ಟಿದೀನಿ.

ನಮ್ ಗ್ರೂಪಿನ ಹುಡುಗ್ರು ಆಗಸ್ಟ್ 15ರ ಓಟಕ್ಕೆ "ಗ್ರಾಟಿಟ್ಯೂಡ್ ರನ್" ಅಂತ ಪೋಸ್ಟರ್ ಮಾಡಿ ಸ್ಟೇಟಸ್ ಹಾಕ್ತಾರೆ, ಕೇಸರಿ ಬಿಳಿ ಹಸಿರು ಬಣ್ಣ, ಮಧ್ಯದಲ್ಲಿ ಒಬ್ಬ ಓಡೋ ಮನುಷ್ಯ, ಗಂಡಸೇ. ಆ ಪದ ನನ್ ಬಾಯಿಗೆ ಹತ್ತಲ್ಲ. ನಮ್ಮಲ್ಲಿ ಋಣ ಅಂತೀವಲ್ಲ, ಅದು ಸರಿಯಾಗಿ ಕೂರುತ್ತೆ, ಥ್ಯಾಂಕ್ಸ್ ಹೇಳಿ ಮುಗಿಸೋಕಾಗಲ್ಲ ಋಣಾನ. ಬೂತ್ ಅಕ್ಕನಿಗೆ ನಾನು ಥ್ಯಾಂಕ್ಸ್ ಅಂತ ಹೇಳೇ ಇಲ್ಲ ಇಲ್ಲಿವರೆಗೆ. ಆದ್ರೆ ಪ್ರತಿ ಆಗಸ್ಟ್ 15ಕ್ಕೆ ಓಟ ಮುಗಿದ್ಮೇಲೆ ಅಲ್ಲಿಗೇ ಹೋಗಿ, ನೆಂದ ಕೋಳಿ ಥರ ನಿಂತು, ಎರಡು ಲೀಟರ್ ಹಾಲು ತಗೊಂಡು ಮನೆಗೆ ಬರ್ತೀನಿ, ಪಾಯಸಕ್ಕೆ. ಅವ್ರಿಗೆ ಆ ಬೈಕ್ ನೆನಪಿದೆಯೋ ಇಲ್ವೋ. "ಇವತ್ತೂ ಓಡಿದ್ರಾ ಮೇಡಂ?" ಅಂತಾರೆ, ಚಿಲ್ಲರೆ ಕೊಡ್ತಾರೆ.

ಓಟಕ್ಕೆ ಮುಂಚೆ ಗೇಟ್ ಹತ್ರ ಮೇಷ್ಟ್ರು "ಸಾವಧಾನ್" ಅಂತಾರೆ, ನಾವು ಮಳೇಲಿ ಜನಗಣಮನ ಹಾಡ್ತೀವಿ, ಸುತ್ತಲೂ ಯಾರೂ ಇರಲ್ಲ. ಒಬ್ಬ ಹುಡುಗ ಬ್ಯಾಗಿಗೆ ಚಿಕ್ಕ ಬಾವುಟ ಸಿಗಿಸ್ಕೊಂಡ್ರೆ, ಬಿದ್ರೆ ಎತ್ತೋರ್ ಯಾರು, ನೆಲಕ್ಕೆ ತಾಗಿದ್ರೆ ನಿನ್ನ ಬಿಡಲ್ಲ ಅಂತ ಮೇಷ್ಟ್ರು 19 ಕಿಲೋಮೀಟರೂ ಅವ್ನ ಹಿಂದೇನೇ ಓಡ್ತಾರೆ. ಹೋದ ವರ್ಷ ಅವ್ನು ಸೋತು ಬಾವುಟ ಬಿಚ್ಚಿ ಮೇಷ್ಟ್ರ ಕೈಗೇ ಕೊಟ್ಟ. ವಾಪಸ್ ಬರೋ ಹೊತ್ತಿಗೆ ಬಿಳಿ ಯೂನಿಫಾರಂ ಮಕ್ಕಳು ರಸ್ತೇಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದ್ರಲ್ಲಿ ಮಳೆಗೆ ಒದ್ದೆಯಾದ ಬೂಂದಿ ಲಾಡು.

ಅಜ್ಜಿ 2019ರಲ್ಲಿ ಹೋದ್ರು. ಆ ಚೆಂಬು ನಮ್ಮನೇಲೇ ಇದೆ, ಬಾಯಿ ಒಂದು ಕಡೆ ಸೊಟ್ಟ, ದೇವರ ಮನೇಲಿ ನೀರು ತುಂಬಿ ಇಡ್ತೀವಿ. ಅವ್ರು ಆ ಪ್ರಶ್ನೆ ಕೇಳಿದ ದಿನ ಕಥೆ ಎಲ್ಲ ಹೇಳಿ ಮುಗಿಸಿ, ಎಲೆ ಅಡಿಕೆ ಉಗುಳಿ ಬಂದು, ಬಿಡ್ದೆ ಮತ್ತೆ ಕೇಳಿದ್ರು. "ಹೇಳ್ಲೇ ಇಲ್ಲಲ್ಲ, ಯಾರ್ ಬೆನ್ ಹತ್ಯಾರ?"

"ಯಾರೂ ಇಲ್ಲಜ್ಜಿ" ಅಂದೆ.

ಸ್ವಲ್ಪ ಹೊತ್ತು ನನ್ ಶೂ ನೋಡಿದ್ರು, ಅಂಗಳದಲ್ಲಿ ಪಾಚಿ ಕಟ್ಟಿರೋ ಕಲ್ಲು ನೋಡಿದ್ರು.

"ಹಂಗಾರ ಮೆಲ್ಲಕ ಓಡು. ಜಾರ್ತೈತಿ."