‘ಕಿಡ್ ಎ’ ನಿಮಗೆ ನಿಜವಾಗಿಯೂ ಇಷ್ಟವೇ?

ಪುಣೆಯಲ್ಲಿ ನನ್ನ ಪರಿಚಯವಾದ ಕನ್ನಡಿಗ ಹುಡುಗರು, ಅದರಲ್ಲೂ ಹಿಂಜವಡಿಯ ಕಂಪನಿಗಳಿಗೆ ಹೊಸದಾಗಿ ಬಂದವರು, ನಾನು ರಾಕ್ ಸಂಗೀತ ಕೇಳುವವನೆಂದು ತಿಳಿದ ಕೂಡಲೇ ಕೇಳುವ ಪ್ರಶ್ನೆಯೊಂದಿದೆ: “ಸರ್, ರೇಡಿಯೋಹೆಡ್ ತಂಡದ ‘ಕಿಡ್ ಎ’ ಆಲ್ಬಮ್ ನಿಮಗೆ ನಿಜವಾಗಿಯೂ ಇಷ್ಟವೇ, ಅಥವಾ ಇಷ್ಟವಿಲ್ಲ ಎಂದರೆ ಮರ್ಯಾದೆ ಹೋಗುತ್ತದೆಂದು ಎಲ್ಲರೂ ಹಾಗೆ ಹೇಳುತ್ತಾರೆಯೇ?” ನನಗೆ ನಿಜವಾಗಿಯೂ ಇಷ್ಟ. ಆದರೆ ಇಷ್ಟವಿಲ್ಲ ಎನ್ನುವವರಿಗೆ ಸಂಗೀತ ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಜಗಳದ ಮೂಲ ಹೀಗಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ಈ ತಂಡ 1997ರಲ್ಲಿ ‘ಓಕೆ ಕಂಪ್ಯೂಟರ್’ ಹೊರತಂದಾಗ ಗಿಟಾರ್ ಸಂಗೀತದ ದೊಡ್ಡ ಭರವಸೆ ಎನಿಸಿಕೊಂಡಿತ್ತು. ಮೂರು ವರ್ಷ ಕಾದ ಅಭಿಮಾನಿಗಳ ಕೈಗೆ 2000ದ ಅಕ್ಟೋಬರ್‌ನಲ್ಲಿ ಬಂದ ‘ಕಿಡ್ ಎ’ಯ ಹತ್ತು ಹಾಡುಗಳಲ್ಲಿ ಗಿಟಾರ್ ಬಹುಪಾಲು ಹಿಂದೆ ಸರಿದಿತ್ತು, ಸಿಂಥಸೈಸರ್ ಮತ್ತು ಕಂಪ್ಯೂಟರ್ ಮುಂದೆ ಬಂದಿದ್ದವು. ಒಂದು ಹಾಡನ್ನಾದರೂ ಮೊದಲೇ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಬಿಡುಗಡೆ ಮಾಡಿರಲಿಲ್ಲವಾದ್ದರಿಂದ ಕೇಳುಗರ ಕಿವಿಯನ್ನು ಯಾರೂ ಸಿದ್ಧಗೊಳಿಸಿರಲಿಲ್ಲ. ಆದರೂ ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಅದು ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ವಿಮರ್ಶಕರಲ್ಲಿ ಮಾತ್ರ ಒಮ್ಮತವಿರಲಿಲ್ಲ: ಪಿಚ್‌ಫೋರ್ಕ್ ಎಂಬ ಸಂಗೀತ ಜಾಲತಾಣ ಹತ್ತಕ್ಕೆ ಹತ್ತು ಕೊಟ್ಟರೆ ಮೆಲೊಡಿ ಮೇಕರ್ ಪತ್ರಿಕೆ ಕಟುವಾಗಿ ಹಳಿಯಿತು.

ನಾನು ಕ್ಯಾಸೆಟ್ ತಂದು ಮೊದಲ ಸಲ ಹಾಕಿದ್ದು ಕೋಥ್ರೂಡ್‌ನ ನಮ್ಮ ಮನೆಯಲ್ಲಿ, ಅಪ್ಪ ಎದುರಿಗೆ ಕುಳಿತಿದ್ದಾಗ. ಮೊದಲ ಹಾಡು ‘ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’. ಎಲೆಕ್ಟ್ರಾನಿಕ್ ಕೀಬೋರ್ಡಿನ ನಾಲ್ಕಾರು ಸ್ವರಗಳು ಸುತ್ತು ಹೊಡೆಯುತ್ತಿರುವಾಗ ಗಾಯಕ ಥಾಮ್ ಯಾರ್ಕ್ ಅವರ ದನಿ ಚೂರುಚೂರಾಗಿ, ಮಾತು ಹುಟ್ಟುವ ಮೊದಲೇ ತುಂಡಾಗಿ, ಎಡಕಿವಿಗೊಮ್ಮೆ ಬಲಕಿವಿಗೊಮ್ಮೆ ಹಾದುಹೋಗುತ್ತದೆ. ತಾಳಕ್ಕೆ ಒಂದು ಮಂದವಾದ ಬಡಿತ ಬಿಟ್ಟರೆ ಬೇರೇನೂ ಇಲ್ಲ. ಗದಗಿನವರಾದ ಅಪ್ಪ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳದ ಮಾತ್ರೆ ಎಣಿಸುತ್ತಿದ್ದರು. ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಎಣಿಸಿದ ಮೇಲೆ, “ಝಪ್ತಾಲದಾಗೂ ಹತ್ತ ಮಾತ್ರಿನ ಅವ, ಆದರ ಇದರ ವಿಭಾಗ ಬ್ಯಾರೆ ಅದ,” ಎಂದರು. ಎರಡು, ಮೂರು, ಎರಡು, ಮೂರು ಎಂದು ಒಡೆಯುವ ಹಿಂದೂಸ್ತಾನಿಯ ಝಪ್ತಾಲ ಅದಲ್ಲ, ಆದರೆ ಹತ್ತರ ಲೆಕ್ಕ ಸರಿಯಾಗಿತ್ತು. ಹಾಡು ಹಿಡಿಸದೆ ಮೂರು ದಿನ ಕ್ಯಾಸೆಟ್ಟನ್ನು ಮೂಲೆಗಿಟ್ಟಿದ್ದ ನಾನು ಅದನ್ನು ಮತ್ತೆ ಕೈಗೆತ್ತಿಕೊಂಡದ್ದು ಈ ಒಂದು ಮಾತಿನಿಂದ. ನಾನು ಪದ ಹುಡುಕುತ್ತಿದ್ದೆ, ಅಪ್ಪ ಆವರ್ತ ಹುಡುಕಿದ್ದರು.

ಕೇಳುಗರು ಎರಡು ಪಾಳಯವಾಗುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಹಿಂದಿನ ಆಲ್ಬಮ್‌ಗಳಲ್ಲಿ ಯಾರ್ಕ್ ಅವರ ದನಿ ಹಾಡಿನ ಯಜಮಾನನಾಗಿತ್ತು. ಇಲ್ಲಿ ಅದು ಹಲವು ವಾದ್ಯಗಳ ನಡುವೆ ಇನ್ನೊಂದು ವಾದ್ಯ. ‘ಕಿಡ್ ಎ’ ಎಂಬ ಶೀರ್ಷಿಕೆ ಹಾಡಿನಲ್ಲಂತೂ ಅವರು ಬರಿದೇ ಉಚ್ಚರಿಸಿದ ಮಾತುಗಳಿಗೆ ಸ್ವರ ಬಂದಿರುವುದು ತಂಡದ ಜಾನಿ ಗ್ರೀನ್‌ವುಡ್ ನುಡಿಸಿದ ಓಂಡ್ ಮಾರ್ತನೋ ಎಂಬ ಹಳೆಯ ಫ್ರೆಂಚ್ ವಿದ್ಯುತ್ ವಾದ್ಯದಿಂದ. ಆ ದನಿಯನ್ನು ಪ್ರೀತಿಸಿದವರಿಗೆ ಏನೋ ಕಸಿದುಕೊಂಡಂತೆ ಅನಿಸಿದ್ದರೆ ಅದು ಸಹಜ, ಏಕೆಂದರೆ ಅದನ್ನು ನಿಜವಾಗಿಯೂ ಕಸಿದುಕೊಳ್ಳಲಾಗಿದೆ.

ಬ್ಯಾಂಕಿನಲ್ಲಿರುವ, ಭಾವಗೀತೆಗಳಲ್ಲಿ ಮುಳುಗಿ ಬೆಳೆದ ನನ್ನ ಆಪ್ತ ಗೆಳೆಯನೊಬ್ಬನ ದೂರು ಇನ್ನೂ ನೇರವಾದದ್ದು: “ಸಾಹಿತ್ಯವೇ ಇಲ್ಲದ ಮೇಲೆ ಹಾಡು ಹೇಗಾಯಿತು?” ಯಾರ್ಕ್ ಕೆಲವು ಸಾಲುಗಳನ್ನು ಚೀಟಿಗಳಲ್ಲಿ ಬರೆದು, ಟೊಪ್ಪಿಗೆಯಿಂದ ಎತ್ತಿಕೊಂಡು ಜೋಡಿಸಿದರೆಂಬುದು ಅವನ ಕೈಯಲ್ಲಿರುವ ದೊಡ್ಡ ಸಾಕ್ಷ್ಯ. ಎರಡೇ ಸಾಲಿನ ಚೀಜಿನ, ಅಂದರೆ ಪುಟ್ಟ ರಚನೆಯ, ಮೇಲೆ ಗಂಟೆಗಟ್ಟಲೆ ಖಯಾಲ್ ಹಾಡಿದರೆ ನಾವು ಸಾಹಿತ್ಯ ಎಲ್ಲಿ ಎಂದು ಕೇಳುವುದಿಲ್ಲವಲ್ಲ ಎಂದು ನಾನು ವಾದಿಸಿದೆ. ಖಯಾಲಿನಲ್ಲಿ ರಾಗ ಬೆಳೆಯುತ್ತದೆ, ಇಲ್ಲಿ ಬೆಳೆಯುವುದೇನು ಎಂದು ಅವನು ತಿರುಗಿ ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ವರ್ಷಗಳೇ ಹಿಡಿದವು. ಮೂರನೆಯ ಹಾಡು ‘ದ ನ್ಯಾಷನಲ್ ಆಂಥಮ್’ನಲ್ಲಿ ಬೇಸ್ ಗಿಟಾರಿನ ಒಂದೇ ತುಣುಕು ಬಿಡದೆ ಸುತ್ತುತ್ತಿರುತ್ತದೆ, ಅದರ ಮೇಲೆ ಊದುವಾದ್ಯದವರು ಸಾಲಾಗಿ ಬಂದು ಸೇರಿ, ಕೊನೆಗೆ ಒಬ್ಬರ ಮೇಲೊಬ್ಬರು ಬಿದ್ದಂತೆ ಅರಚುತ್ತಾರೆ. ತಬಲಾ ಸೋಲೋದಲ್ಲಿ ಪೇಟಿಯವರು ಒಂದೇ ಲೆಹರಾ, ಅಂದರೆ ಮತ್ತೆ ಮತ್ತೆ ಸುತ್ತುವ ಸ್ವರಸಾಲು, ಹಿಡಿದು ಕುಳಿತಿರುವಾಗ ತಬಲಾ ಎಲ್ಲಿಗೆಲ್ಲಿಗೋ ಹೋಗಿ ಬರುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಲೆಹರಾ ಬೆಳೆಯಬೇಕಾಗಿಲ್ಲ, ಅದು ಅಲುಗಾಡದಿದ್ದರೆ ಸಾಕು.

ಕಾದಂಬರಿಕಾರ ನಿಕ್ ಹಾರ್ನ್‌ಬಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪ ಬೇರೆ ಬಗೆಯದು. ಇಂಥ ಆಲ್ಬಮ್ ಬೇಡುವ ತಾಳ್ಮೆ ಮತ್ತು ಭಕ್ತಿ, ಸಂಬಳಕ್ಕೆ ದುಡಿಯಲು ಶುರುಮಾಡಿದವರಲ್ಲಿ ಕಡಿಮೆಯಾಗುತ್ತವೆ ಎಂಬುದು ಅವರ ವಾದದ ತಿರುಳು. ಪುಣೆಯಲ್ಲಿ ಬೆಳೆದ ನನಗೆ ಇದನ್ನು ಒಪ್ಪುವುದು ಕಷ್ಟ. ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಆರಂಭಿಸಿದ ಮಹೋತ್ಸವ ರಮಣಬಾಗ್ ಶಾಲೆಯ ಮೈದಾನದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಕಾಲದಲ್ಲಿ, ಡಿಸೆಂಬರ್ ಚಳಿಗೆ ಶಾಲು ಹೊದ್ದು ಬೆಳಗಿನವರೆಗೆ ಕುಳಿತು, ಮನೆಗೆ ಹೋಗಿ ಸ್ನಾನ ಮಾಡಿ ಕಚೇರಿಗೆ ಹೊರಡುತ್ತಿದ್ದ ಗುಮಾಸ್ತರನ್ನೂ ಶಿಕ್ಷಕರನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ತಮಗೆ ಬೇಕಾದ ಸಂಗೀತಕ್ಕೆ ಸಂಬಳದವರಲ್ಲೂ ತಾಳ್ಮೆ ಇದ್ದೇ ಇರುತ್ತದೆ.

ಹಾಗೆಂದು ಹತ್ತು ಹಾಡುಗಳನ್ನೂ ಸಮರ್ಥಿಸಲಾರೆ. ಗಿಟಾರಿನ ದನಿಯನ್ನೇ ಹಿಗ್ಗಿಸಿ ಕಟ್ಟಿದ ‘ಟ್ರೀಫಿಂಗರ್ಸ್’ ನನ್ನ ಮಟ್ಟಿಗೆ ಖಾಲಿ ಜಾಗವಷ್ಟೇ. ಅದರ ಹಿಂದಿನ ನಾಲ್ಕನೆಯ ಹಾಡು ‘ಹೌ ಟು ಡಿಸಪಿಯರ್ ಕಂಪ್ಲೀಟ್‌ಲಿ’ಯಲ್ಲಿ ಮಾತ್ರ ಎರಡೂ ಪಾಳಯದವರು ಸೇರುತ್ತಾರೆ: ಅಕೂಸ್ಟಿಕ್ ಗಿಟಾರ್, ತುಂಡಾಗದ ದನಿ, ಡಾರ್ಚೆಸ್ಟರ್‌ನ ಹಳೆಯ ಚರ್ಚಿನಲ್ಲಿ ರೆಕಾರ್ಡ್ ಮಾಡಿದ ತಂತಿವಾದ್ಯಗಳು. ಹತ್ತನೆಯ ಹಾಡು ಕಾಲಿನಿಂದ ತುಳಿಯುವ ಹಾರ್ಮೋನಿಯಂನ ಉಸಿರಿನಿಂದ ತೊಡಗುತ್ತದೆ. ಕಂಪನಿ ನಾಟಕ ನೋಡಿದವರಿಗೆ ಆ ದನಿ ಹೊಸದಲ್ಲ. ಬ್ಯಾಂಕಿನ ಗೆಳೆಯ ಮನೆಗೆ ಬಂದಾಗಲೆಲ್ಲ ಈ ಎರಡನ್ನು ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಾನೆ. ಉಳಿದ ಎಂಟನ್ನು ಅವನಿಂದ ಒಪ್ಪಿಸಲು ನನಗೆ ಈವರೆಗೆ ಆಗಿಲ್ಲ, ಮುಂದಿನ ಸಲ ಮೂರನೆಯದನ್ನು ಲೆಹರಾದ ಲೆಕ್ಕ ತೋರಿಸಿ ಮತ್ತೊಮ್ಮೆ ಕೇಳಿಸಬೇಕೆಂದಿದ್ದೇನೆ.