ಮಣಿ ಪೋಣಿಸಿದ ಜಡೆ: ಅಕ್ರಾದಿಂದ ಕೊಫೊರಿಡುವಾವರೆಗೆ

ಘಾನಾದ ರಾಜಧಾನಿ ಅಕ್ರಾದಲ್ಲಿ ಮಕೋಲಾ ಮಾರುಕಟ್ಟೆಗೆ ಹೋಗುವುದಾದರೆ ಬೆಳಿಗ್ಗೆಯೇ ಹೊರಡಬೇಕು. ಹೊತ್ತೇರಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಜಡೆ ಹೆಣೆಯುವವರ ಕೈಚಳಕವನ್ನು ನಿಂತು ನೋಡುವುದಂತೂ ದೂರವೇ ಉಳಿಯಿತು. ದೊಡ್ಡ ಛತ್ರಿಯ ಕೆಳಗೊಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಕೃತಕ ಕೂದಲಿನ ಕಟ್ಟುಗಳು, ಡಬ್ಬಿಗಳಲ್ಲಿ ಬಣ್ಣಬಣ್ಣದ ಮಣಿ. ಗಿರಾಕಿಗೆ ಅವಸರವಿದ್ದರೆ ಒಂದೇ ತಲೆಗೆ ಇಬ್ಬರು ಮೂವರು ಒಟ್ಟಿಗೆ ಕೈಹಾಕುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಿ. ಕೂದಲನ್ನು ಮಾತ್ರ ಮುಟ್ಟಲೇಬೇಡಿ, ಎಷ್ಟೇ ಚೆಂದ ಕಂಡರೂ.

ಕಣ್ಣು ಮೊದಲು ಮಣಿಗೇ ಹೋಗುತ್ತದೆ, ಆದರೆ ಈ ಕಲೆಯ ಜೀವ ಇರುವುದು ಬೈತಲೆಯಲ್ಲಿ. ಚೂಪು ಹಿಡಿಯ ಬಾಚಣಿಗೆಯಿಂದ ತಲೆಯನ್ನು ಗೆರೆಗೆರೆಯಾಗಿ ಪಾಲು ಮಾಡಿ, ಒಂದೊಂದು ಪಾಲನ್ನೂ ಬುಡದಿಂದಲೇ ತಲೆಗೆ ಅಂಟಿದಂತೆ ಹೆಣೆಯುತ್ತಾ ಬರುತ್ತಾರೆ. ಇದೇ ಕಾರ್ನ್‌ರೋ. ಕೂದಲು ತೊಳೆದು, ಸಿಕ್ಕು ಬಿಡಿಸಿ, ಪೂರ್ತಿ ಒಣಗಿರಬೇಕು. ಸುರುಳಿ ಕೂದಲು ಒದ್ದೆಯಿದ್ದಾಗ ಹಿಗ್ಗುತ್ತದೆ. ಹಾಗೇ ಹೆಣೆದರೆ ಒಣಗುವಾಗ ಕುಗ್ಗಿ ಬುಡವನ್ನು ಜಗ್ಗುತ್ತದೆ. ಹೆಣೆದು ಮುಗಿದ ಮೇಲೆ ಹುಬ್ಬು ಏರಿಸಲು ಕಷ್ಟವಾದರೆ ಬಿಗಿ ಅತಿಯಾಗಿದೆ ಎಂದೇ ತಿಳಿಯಿರಿ. ಬುಡದಲ್ಲಿ ಸಣ್ಣ ಬಿಳಿ ಗುಳ್ಳೆ ಕಂಡರೆ ಆ ಜಡೆಯನ್ನು ಆಗಲೇ ಬಿಚ್ಚಬೇಕು. ಹಣೆಯಂಚು ಮತ್ತು ಕಿವಿಯ ಮೇಲಿನ ಕೂದಲು ತೀರ ನವಿರು. ವರ್ಷಗಟ್ಟಲೆ ಜಗ್ಗಿದರೆ ಅಲ್ಲಿ ಮತ್ತೆ ಹುಟ್ಟುವುದೇ ಇಲ್ಲ.

ಮಣಿ ಪೋಣಿಸುವಾಗಲೂ ಮುಖ್ಯವಾದದ್ದು ಭಾರದ ಲೆಕ್ಕ. ಮಕ್ಕಳ ಜಡೆಗೆ ಹಾಕುವ ಪ್ಲಾಸ್ಟಿಕ್ ಮಣಿ ಸುಮಾರು 9 ಮಿಲಿಮೀಟರ್ ಅಗಲ, ಒಂದರ ತೂಕ ಕಾಲು ಗ್ರಾಂ. 60 ಜಡೆಗೆ ಎಂಟೆಂಟರಂತೆ ಹಾಕಿದರೆ 480 ಮಣಿ, 120 ಗ್ರಾಂ. ಅಷ್ಟೇ ಗಾತ್ರದ ಗಾಜಿನ ಮಣಿಯಾದರೆ ಭಾರ ಎರಡು ಪಟ್ಟು ಮೀರುತ್ತದೆ. ಹಾಗಾಗಿ ಬಲ್ಲವರು ತೆಳು ಜಡೆಗೆ ಮೂರು ನಾಲ್ಕೇ ಮಣಿ ಹಾಕಿ ನಿಲ್ಲಿಸುತ್ತಾರೆ, ಹಣೆಯಂಚಿನ ಜಡೆಗಳಿಗೆ ಇನ್ನೂ ಕಡಿಮೆ. ಮಣಿಗಳನ್ನು ಮೊದಲು ಉದ್ದನೆಯ ಕುಣಿಕೆಯ ಕಡ್ಡಿಗೆ ಏರಿಸಿಕೊಂಡು, ಜಡೆಯ ತುದಿಯನ್ನು ಕುಣಿಕೆಗೆ ತೂರಿಸಿ, ಮಣಿಗಳನ್ನು ಜಡೆಯ ಮೇಲಕ್ಕೆ ಜಾರಿಸುತ್ತಾರೆ. ಕೊನೆಯಲ್ಲಿ ಎರಡು ಮೂರು ಸೆಂಟಿಮೀಟರ್ ಕೂದಲು ಉಳಿಸಿ, ಅದನ್ನು ಕೊನೆಯ ಮಣಿಯ ಸುತ್ತ ಹಾಯಿಸಿ ಮತ್ತೆ ತೂತಿನೊಳಗೆ ತಂದು, ಸಣ್ಣ ರಬ್ಬರ್ ಬ್ಯಾಂಡನ್ನು ಮೂರು ನಾಲ್ಕು ಸುತ್ತು ಹಾಕುತ್ತಾರೆ. ಈ ಬೀಗ ಸಡಿಲವಾದರೆ ಸಾಲಿಗೆ ಸಾಲೇ ಉದುರುತ್ತದೆ. ಬ್ಯಾಂಡನ್ನು ಎಳೆದು ತೆಗೆದರೆ ಕೂದಲೂ ಕಿತ್ತು ಬರುತ್ತದೆ. ಎಣ್ಣೆ ಸವರಿ, ಕತ್ತರಿಯ ತುದಿಯಿಂದ ಬ್ಯಾಂಡನ್ನಷ್ಟೇ ಕತ್ತರಿಸಬೇಕು.

ಅಂಥದೊಂದು ಬೀಗ ಸಡಿಲವಾದದ್ದನ್ನು ಜಗತ್ತೇ ನೋಡಿದ್ದುಂಟು. 1999ರ ಆಸ್ಟ್ರೇಲಿಯನ್ ಓಪನ್ ಟೆನಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಲಿಂಡ್ಸೆ ಡ್ಯಾವೆನ್‌ಪೋರ್ಟ್ ಎದುರು ಆಡುತ್ತಿದ್ದ ವೀನಸ್ ವಿಲಿಯಮ್ಸ್ ಜಡೆಯಿಂದ ಮಣಿಗಳು ಅಂಕಣಕ್ಕೆ ಉದುರಿದವು, ಅಂಪೈರ್ ವೀನಸ್‌ರಿಂದ ಒಂದು ಪಾಯಿಂಟ್ ಕಿತ್ತುಕೊಂಡರು. ಅದು ಅನ್ಯಾಯವೇ. ಆದರೂ ಬಿಳಿ ಉಡುಪಿನ ಶಿಸ್ತಿನ ಆ ಆಟದ ನಡುವೆ ಅಮೆರಿಕದ ಕರಿಯ ಹುಡುಗಿಯರು ತಮ್ಮ ಮನೆಯ ಜಡೆಯನ್ನೇ ಕಂಡರು. ಅಲ್ಲಿ ಕ್ಯಾಲಿಫೋರ್ನಿಯಾ 2019ರಲ್ಲಿ ಜಡೆಯ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡುವುದನ್ನು ಕಾನೂನಿನಿಂದ ತಡೆಯಿತು. ಘಾನಾದಲ್ಲೇ ಬಹಳಷ್ಟು ಸರ್ಕಾರಿ ಶಾಲೆಗಳು ಹುಡುಗಿಯರ ಕೂದಲನ್ನು ಗಿಡ್ಡಗೆ ಕತ್ತರಿಸಲು ಹೇಳುತ್ತವೆ. ಹಾಗಾಗಿ ಇಲ್ಲಿ ಮಣಿಜಡೆ ಹೆಚ್ಚಾಗಿ ಕಾಣುವುದು ಶಾಲೆಗೆ ಸೇರದ ಪುಟ್ಟ ಮಕ್ಕಳ ತಲೆಯಲ್ಲಿ, ಓದು ಮುಗಿಸಿದ ಹೆಂಗಸರ ತಲೆಯಲ್ಲಿ.

ಮಾರುಕಟ್ಟೆಯಲ್ಲಿ ಹೆಚ್ಚು ಕೇಳುವ ಹೆಸರು ಫುಲಾನಿ ಜಡೆ. ಸೆನೆಗಲ್‌ನಿಂದ ಕ್ಯಾಮರೂನ್‌ವರೆಗೆ ಹರಡಿರುವ ಪಶುಪಾಲಕ ಸಮುದಾಯದ್ದು ಇದು. ಹಣೆಯಿಂದ ನೆತ್ತಿಗೆ ಒಂದು ನಡುಜಡೆ, ಇಕ್ಕೆಲಗಳಲ್ಲಿ ಮುಂದಕ್ಕೆ ಬಾಗಿ ಕೆನ್ನೆಯ ಮೇಲೆ ಇಳಿಬೀಳುವ ಜಡೆಗಳು, ಅವುಗಳ ತುದಿಯಲ್ಲಿ ಅಂಬರ್ ಎಂಬ ಹಳದಿ ರಾಳದ ಮಣಿ, ಬೆಳ್ಳಿ ನಾಣ್ಯ, ಕವಡೆ. ನಾಣ್ಯ ಮತ್ತು ಅಂಬರ್ ತಾಯಿಯಿಂದ ಮಗಳಿಗೆ ಬರುವ ಸೊತ್ತು. ಮನೆಯ ಸ್ಥಿತಿಗತಿ ತಲೆಯಲ್ಲೇ ತಿಳಿಯುತ್ತದೆ. ಕವಡೆಯಲ್ಲಿ ನಮಗೂ ಪರಿಚಿತವಾದದ್ದೊಂದಿದೆ: ಸವದತ್ತಿ ಎಲ್ಲಮ್ಮನ ಜೋಗತಿಯರ ಸರದಲ್ಲಿರುವ ಕವಡೆಯ ಜಾತಿಯೇ ಮಾಲ್ಡೀವ್ಸ್‌ನಿಂದ ಹಡಗೇರಿ ಪಶ್ಚಿಮ ಆಫ್ರಿಕಾಕ್ಕೆ ಹಣವಾಗಿ ಹೋಯಿತು. ಆ ಕವಡೆ ಕೊಟ್ಟು ಮನುಷ್ಯರನ್ನೂ ಕೊಂಡರು.

ಅಕ್ರಾದಿಂದ ಟ್ರೋಟ್ರೋ ಎಂಬ ಮಿನಿಬಸ್ಸು ಹತ್ತಿ ಉತ್ತರಕ್ಕೆ ಹೋದರೆ ಒಡುಮಾಸೆ ಕ್ರೋಬೋ. ಸೀಟು ತುಂಬಿದಾಗಲೇ ಗಾಡಿ ಹೊರಡುವುದು, ಹಾಗಾಗಿ ಅರ್ಧ ದಿನ ಕೈಯಲ್ಲಿಟ್ಟುಕೊಳ್ಳಿ. ಇಲ್ಲಿ ಹಳೆಯ ಬಾಟಲಿ ಗಾಜನ್ನು ಕುಟ್ಟಿ, ಜರಡಿ ಹಿಡಿದು, ಬಣ್ಣದ ಪುಡಿ ಬೆರೆಸಿ ಮಣ್ಣಿನ ಅಚ್ಚಿನ ಕುಳಿಗಳಿಗೆ ತುಂಬುತ್ತಾರೆ. ಗಾಜು ಅಂಟದಿರಲೆಂದು ಅಚ್ಚಿಗೆ ಮೊದಲೇ ಬಿಳಿ ಜೇಡಿಯ ಲೇಪ. ಕುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ಚುಚ್ಚುತ್ತಾರೆ. ಕುಲುಮೆಯಲ್ಲಿ ಅದು ಸುಟ್ಟು ಹೋಗಿ ತೂತು ಉಳಿಯುತ್ತದೆ. ಗಾಜು ಇನ್ನೂ ಮೆತ್ತಗಿರುವಾಗಲೇ ಕಬ್ಬಿಣದ ಕಡ್ಡಿಯಿಂದ ಮಣಿಯನ್ನು ತಿರುಗಿಸಿ ದುಂಡಗೆ ಮಾಡುವುದನ್ನು ತಪ್ಪದೆ ನೋಡಿ. ತಣಿದ ಮೇಲೆ ಮರಳು, ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿದರೇ ಹೊಳಪು. ಈ ಮಣಿಯ ಮುಖ್ಯ ಜಾಗ ಸೊಂಟ, ಕೊರಳು, ಮಣಿಕಟ್ಟು. ಹುಡುಗಿಯರು ಹೆಣ್ತನಕ್ಕೆ ಕಾಲಿಡುವ ಡಿಪೋ ಆಚರಣೆಯಲ್ಲಿ ಮೈತುಂಬ ಮಣಿಯೇ.

ಜಡೆಗೆಂದು ಕೊಳ್ಳುವವರು ಗುರುವಾರ ಕೊಫೊರಿಡುವಾ ಪಟ್ಟಣದ ಮಣಿ ಸಂತೆಗೆ ಹೋಗಲಿ. ತೂತು ಕನಿಷ್ಠ 4 ಮಿಲಿಮೀಟರ್ ಇರಬೇಕು. ದಪ್ಪ ಉಣ್ಣೆ ನೂಲನ್ನು ಮಡಚಿ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ತೂತಿನ ಅಂಚಿಗೆ ಬೆರಳುಗುರು ಆಡಿಸಿ. ಒರಟಾಗಿ ಸಿಕ್ಕರೆ ಅದು ದಿನಾ ಸ್ವಲ್ಪಸ್ವಲ್ಪವೇ ಕೂದಲನ್ನು ಕೊಯ್ಯುತ್ತದೆ, ಬಿಟ್ಟುಬಿಡಿ. ಬಣ್ಣ ಹಾಕಿದ ಮರದ ಮಣಿಯನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿಯೇ ದುಡ್ಡು ಕೊಡಿ.